ನಾಲ್ಕಡಿ ಎರಡಿಂಚು

ಕಳೆದ ತಿಂಗಳು ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ, ಗೋಡೌನಿನ ಮುಂದೆ ನಿಂತಿದ್ದ ಹತ್ತು ಗಾಲಿಯ ಲಾರಿಯ ಹಿಂಭಾಗವನ್ನು ಟೇಪು ಹಿಡಿದು ಅಳೆದೆ. ನೆಲದಿಂದ ಬಾಡಿಯ ತಳದವರೆಗೆ ನಾಲ್ಕಡಿ ಎರಡಿಂಚು. ಡ್ರೈವರ್ ಕ್ಯಾಬಿನ್ನಿಂದ ತಲೆ ಹೊರಗೆ ಹಾಕಿ, 'ಮುನ್ಶೀಜಿ, ಗಾಡಿ ಖರೀದ್ನೀ ಹೈ ಕ್ಯಾ?' ಅಂದ. ನಕ್ಕು ಟೇಪು ಮಡಚಿಟ್ಟೆ. ಇಪ್ಪತ್ತೆರಡು ವರ್ಷದಿಂದ ಈ ಧಂದೆಯಲ್ಲಿದ್ದೇನೆ. ಲಾರಿಯ ಉದ್ದ ಗೊತ್ತು, ಅಗಲ ಗೊತ್ತು, ಯಾವ ಗಾಡಿಯಲ್ಲಿ ಎಷ್ಟು ನಗ, ಅಂದರೆ ಪೆಟ್ಟಿಗೆ-ಕಟ್ಟು, ಕೂರುತ್ತವೆ ಅಂತ ಕಣ್ಣಳತೆಯಲ್ಲೇ ಹೇಳಬಲ್ಲೆ. ಹಿಂದಿನ ಎತ್ತರವನ್ನು ಮಾತ್ರ ಎಂದೂ ಅಳೆದಿರಲಿಲ್ಲ. ಅಳೆಯುವ ಕಾರಣವೇ ಬಂದಿರಲಿಲ್ಲ. ಬಾಡಿಗೆ ಲೆಕ್ಕ ಹಾಕುವಾಗ ಆ ಎತ್ತರಕ್ಕೆ ರೇಟಿಲ್ಲ.

ನಾಲ್ಕಡಿ ಅಂದರೆ ನಮ್ಮಲ್ಲಿ ಯಾರೂ ಎತ್ತರ ಅನ್ನುವುದಿಲ್ಲ. ಕಟ್ಟಡ ಕಟ್ಟುವಾಗ ಐದನೇ ಮಹಡಿಯ ಅಟ್ಟಣೆಯಿಂದ ಬಿದ್ದರೆ ಅದು ಬಿದ್ದಂತೆ. ಲಾರಿಯಿಂದ ಬಿದ್ದದ್ದು 'ಜಾರಿದ' ಅಷ್ಟೇ. ಎದ್ದು ಮೈ ಕೊಡವಿಕೊಂಡರೆ ಮುಗಿಯಿತು. ಎದ್ದೇಳದಿದ್ದರೆ?

ಎದ್ದೇಳದ ಒಬ್ಬರ ವಿಷಯ ಬರೆಯಬೇಕು ಅಂತ ಎಷ್ಟೋ ವರ್ಷದಿಂದ ಇದೆ. ಅವರ ಹೆಸರು ಬರೆಯುವುದಿಲ್ಲ. ಇಂಡಿ ತಾಲೂಕಿನವರು, ಲಾರಿಗೆ ಮಾಲು ಹೇರಿ ಇಳಿಸುವ ಹಮಾಲರು. ನನ್ನ ಊರಿಗೂ ಅವರ ಊರಿಗೂ ನಡುವೆ ಒಂದು ಹಳ್ಳ. ಮುಂಬಯಿ ಪಕ್ಕದ ಭಿವಂಡಿಯ ಗೋಡೌನುಗಳಲ್ಲಿ ಕನ್ನಡದಲ್ಲಿ ಒಂದು ಬೈಗುಳ ಕೇಳಿದರೂ ಸಂಬಂಧಿಕರು ಸಿಕ್ಕಂತೆ ಆಗುತ್ತದೆ. ಹಾಗಾಗಿ ಅವರು ನನಗೆ ಕಾಕಾ ಆದರು, ನಾನು ಅವರಿಗೆ 'ತಮ್ಮಾ'.

2011ರ ಜುಲೈ

ಆಗ ನಾನು ಮಾಣಕೋಲಿ ನಾಕಾದ ಒಳಗಡೆಯ ಒಂದು ಟ್ರಾನ್ಸ್‌ಪೋರ್ಟಿನಲ್ಲಿ ಬುಕಿಂಗ್ ಮುನ್ಶಿ. ಮುಂಬಯಿಯಲ್ಲಿ ಇನ್ನೂ ಆಕ್ಟ್ರಾಯ್ ಇದ್ದ ಕಾಲ. ನಾಕಾ ದಾಟಿದರೆ ಜಕಾತಿ ಕಟ್ಟಬೇಕು ಅಂತ ದೇಶದ ಅರ್ಧ ಮಾಲು ಭಿವಂಡಿಯಲ್ಲೇ ಇಳಿಯುತ್ತಿತ್ತೇನೋ ಅನಿಸುವಷ್ಟು ಲಾರಿ. ಮಳೆಗಾಲದಲ್ಲಿ ಆ ರಸ್ತೆಗಳನ್ನು ನೋಡಿದವರಿಗೆ ಹೇಳಬೇಕಿಲ್ಲ, ನೋಡದವರಿಗೆ ಹೇಳಿದರೂ ತಿಳಿಯುವುದಿಲ್ಲ.

ಸಂಜೆ ಆರೂವರೆ. ಹುಬ್ಬಳ್ಳಿ ಕಡೆಗೆ ಹೊರಡುವ ಗಾಡಿ ತುಂಬುತ್ತಿತ್ತು. ಮಿಕ್ಸರ್ ಖೋಕಾಗಳು (ರಟ್ಟಿನ ಪೆಟ್ಟಿಗೆಗಳು), ಪ್ಲಾಸ್ಟಿಕ್ ಬಕೆಟ್ಟಿನ ಕಟ್ಟುಗಳು, ಬಟ್ಟೆಯ ಗಠಾಣಿಗಳು (ದೊಡ್ಡ ಮೂಟೆಗಳು), ಎಲ್ಲಾ ಕಲಬೆರಕೆ. ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಕಾಕಾ ಬಾಡಿಯೊಳಗೆ, ಇಬ್ಬರು ಕೆಳಗಿನಿಂದ ಕೊಡುವವರು, ನಾನು ಪಕ್ಕದಲ್ಲಿ ಪ್ಯಾಡ್ ಹಿಡಿದು ನಗ ಎಣಿಸುವವನು. ಹಿಂದಿನ ಟ್ರಿಪ್ಪಿನಲ್ಲಿ ಯಾವುದೋ ಎಣ್ಣೆ ಡಬ್ಬಿ ಸೋರಿ ಬಾಡಿಯ ಪತ್ರಾ, ಅಂದರೆ ತಗಡಿನ ಮೇಲೆ ಕಲೆ ಉಳಿದಿತ್ತು. ಅದರ ಮೇಲೆ ಗೋಣಿತಾಟು ಹಾಸಿದ್ದರು. ಆ ತಾಟನ್ನು ಯಾರೋ ಮಳೆಗೆ ತಲೆ ಮೇಲೆ ಹೊದ್ದುಕೊಳ್ಳಲು ಎಳೆದುಕೊಂಡು ಹೋಗಿದ್ದರು. ಯಾರು ಅಂತ ಈಗಲೂ ಗೊತ್ತಿಲ್ಲ. ನಾನೇ ಇದ್ದರೂ ಇರಬಹುದು. ಆ ದಿನ ನನ್ನ ತಲೆಯ ಮೇಲೂ ಒಂದು ತಾಟಿತ್ತು.

ಒಂದು ದೊಡ್ಡ ಗಠಾಣಿ ಅಡ್ಡ ಕೂತು ದಾರಿ ಕಟ್ಟಿತ್ತು. ಕಾಕಾ ಅದಕ್ಕೆ ಕೊಕ್ಕೆ ಹಾಕಿ ತಮ್ಮ ಕಡೆಗೆ ಎಳೆಯುತ್ತಾ ಹಿಂದೆ ಹಿಂದೆ ಬಂದರು. ಒಂದು ಹೆಜ್ಜೆ, ಎರಡು ಹೆಜ್ಜೆ. ನಾನು '47' ಅಂತ ಬರೆಯುತ್ತಿದ್ದೆ. ಮೂರನೇ ಹೆಜ್ಜೆಗೆ ಕೆಳಗೆ ಲಾರಿ ಇರಲಿಲ್ಲ. ಕೂಗಲೂ ಇಲ್ಲ. ಕುಂಡಿಯ ಮೇಲೆ ಬಿದ್ದರು, ಬಲಗೈ ಹಿಂದಕ್ಕೆ ಊರಿತು, ಅವರ ಹಿಂದೆಯೇ ಒಂದು ಮಿಕ್ಸರ್ ಖೋಕಾ ಉರುಳಿ ಬಂದು ಪಕ್ಕದ ಕೆಸರಿಗೆ ಬಿತ್ತು. ಒಣ ಟೊಂಗೆ ಮುರಿದಂಥ ಸಪ್ಪಳ ಬಂದದ್ದು ಖೋಕಾದಿಂದ ಅಂತ ನಾನು ಮೊದಲು ತಿಳಿದಿದ್ದೆ.

ಎಲ್ಲರೂ ಓಡಿ ಬಂದರು. ಸೂಪರ್‌ವೈಜರ್ ಮೊದಲು ಕೇಳಿದ್ದು, 'ಮಾಲ್ ಟೂಟಾ ಕ್ಯಾ?' ಅವನನ್ನು ಕೆಟ್ಟವನು ಅನ್ನಲಾರೆ. ಕಾಕಾನ ಮುಖಕ್ಕೆ ನೀರು ಚಿಮುಕಿಸಿದವನೂ ಅವನೇ. ನಾನೇನು ಮಾಡಿದೆ ಅಂದರೆ, ಗಾಡಿ ಹೊರಡಬೇಕಿತ್ತು, ಚಲನ್ ಮುಗಿಸಬೇಕಿತ್ತು, ಷರಾ ಕಾಲಮ್ಮಿನಲ್ಲಿ ನನ್ನ ಕೈಯಾರೆ ಬರೆದೆ: '1 ನಗ ಡ್ಯಾಮೇಜ್, ಒದ್ದೆ.' ಕೆಳಗೆ ಸಹಿ ಹಾಕಿದೆ. ಮಾರ್ವಾಡಿ ವ್ಯಾಪಾರಿಯ ಆ ಖೋಕಾದ ಕ್ಲೇಮು ನಲವತ್ತು ದಿನದೊಳಗೆ ಪಾಸಾಯಿತು. ನಾನು ಬರೆದ ಆ ಒಂದು ಸಾಲೇ ಅದಕ್ಕೆ ಆಧಾರ.

ಎಷ್ಟು ಎತ್ತರ

ಟೇಪು ಹಿಡಿದ ದಿನ ರಾತ್ರಿ, ಡೊಂಬಿವಲಿ ಲೋಕಲ್ಲಿನಲ್ಲಿ ನೇತಾಡುತ್ತಾ, ಪಿಯುಸಿಯಲ್ಲಿ ಓದಿದ ಗುರುತ್ವಾಕರ್ಷಣೆಯ ಸೂತ್ರ ನೆನಪು ಮಾಡಿಕೊಂಡು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ನಾಲ್ಕಡಿ ಎರಡಿಂಚಿನಿಂದ ನೆಲಕ್ಕೆ ತಲುಪಲು ಬೇಕಾದದ್ದು ಸುಮಾರು ಅರ್ಧ ಸೆಕೆಂಡು. ತಿರುಗಿ ನೋಡಲು, ಏನಾದರೂ ಹಿಡಿದುಕೊಳ್ಳಲು ಅದು ಸಾಲದು. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಹದಿನೆಂಟು ಕಿಲೋಮೀಟರ್. ಆದರೆ ಅದು ಪಾದದ ಲೆಕ್ಕ. ಬಾಡಿಯ ಮೇಲೆ ನಿಂತವನ ತಲೆ ನೆಲದಿಂದ ಒಂಬತ್ತು ಅಡಿಗಿಂತ ಮೇಲಿರುತ್ತದೆ. ಅಲ್ಲಿಂದ ತಲೆ ನೇರ ನೆಲಕ್ಕೆ ಬಂದರೆ ವೇಗ ಗಂಟೆಗೆ ಇಪ್ಪತ್ತೇಳು ಕಿಲೋಮೀಟರ್. ಆ ವೇಗದಲ್ಲಿ ಸ್ಕೂಟರ್ ಓಡಿಸುವವನು ಹೆಲ್ಮೆಟ್ ಹಾಕದಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ನಮ್ಮ ಹಮಾಲರ ತಲೆಯ ಮೇಲೆ ಇರುವುದು ಸಿಂಬಿ. ಅದೂ ಹೊರೆಗೆ ನೋವಾಗಬಾರದು ಅಂತ ಸುತ್ತಿದಂತೆ ಇರುತ್ತದೆ.

ಇದು ಬರೀ ಬಾಡಿಯ ತಳದ ಮಾತು. ಮಾಲಿನ ಥಪ್ಪಿ ಏರಿದ ಮೇಲೆ ಹಮಾಲ ಹನ್ನೆರಡು ಅಡಿಯ ಮೇಲೆ ನಿಂತಿರುತ್ತಾನೆ. ಅಲ್ಲಿ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವುದನ್ನು ನೀವು ಹೆದ್ದಾರಿಯ ಪಕ್ಕದಲ್ಲಿ ನೋಡಿಯೇ ಇರುತ್ತೀರಿ. ಹಗ್ಗ ಬಿಗಿಯುವವನು ಕಾಲನ್ನು ಮಾಲಿಗೆ ಒತ್ತಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗುತ್ತಾನೆ. ಹಗ್ಗ ಹಿಡಿದಿರುವವರೆಗೆ ಅವನು ನಿಂತಿದ್ದಾನೆ. ಗಂಟು ಬಿಚ್ಚಿತೋ, ಹಗ್ಗ ಹರಿಯಿತೋ, ಅವನು ಈಗಾಗಲೇ ಹಿಂದಕ್ಕೆ ಬಿದ್ದಾಗಿದೆ, ನೆಲ ಮುಟ್ಟುವುದಷ್ಟೇ ಬಾಕಿ. ಹಗ್ಗ ಎಷ್ಟು ಹಳೆಯದು ಅಂತ ನೋಡುವವರು ಯಾರು? ತಾಡಪತ್ರಿಗೆ ತೂತು ಬಿದ್ದರೆ ಮಾಲು ನೆನೆಯುತ್ತದೆ ಅಂತ ತಕ್ಷಣ ಬದಲಿಸುತ್ತಾರೆ.

ಹಲಗೆಯದು ಬೇರೆ ಆಟ. ಗೋಡೌನಿನ ಕಟ್ಟೆಗೂ ಲಾರಿಗೂ ನಡುವೆ ಒಂದು ಹಲಗೆ ಹಾಕಿ, ಅದರ ಮೇಲೆ ಬೆನ್ನಿಗೆ ಚೀಲ ಹೊತ್ತು ಓಡುತ್ತಾರೆ. ನಡೆಯುವುದಿಲ್ಲ, ಓಡುತ್ತಾರೆ, ಯಾಕೆಂದರೆ ಹಲಗೆ ಪುಟಿಯುತ್ತದೆ ಮತ್ತು ಅದು ಪುಟಿಯುವ ತಾಳಕ್ಕೆ ಹೆಜ್ಜೆ ಹಾಕಿದರೆ ಭಾರ ಕಡಿಮೆ ಅನಿಸುತ್ತದೆ. ಎಷ್ಟೋ ವರ್ಷ ನೋಡಿದ ಮೇಲೆ ನನಗೆ ಹೊಳೆದದ್ದು ಏನೆಂದರೆ, ಲಾರಿ ಖಾಲಿಯಾಗುತ್ತಾ ಹೋದಂತೆ ಅದರ ಪಾಟಾ (ಸ್ಪ್ರಿಂಗಿನ ಪಟ್ಟಿ) ಹಗುರಾಗಿ ಬಾಡಿ ಮೇಲೇಳುತ್ತದೆ. ಬೆಳಿಗ್ಗೆ ಮಟ್ಟಸವಾಗಿದ್ದ ಹಲಗೆ ಮಧ್ಯಾಹ್ನಕ್ಕೆ ಇಳಿಜಾರು. ಕಾಲು ಬೆಳಗಿನ ಲೆಕ್ಕದಲ್ಲೇ ಹೆಜ್ಜೆ ಇಡುತ್ತದೆ. ಅಷ್ಟರಲ್ಲಿ ಹಿಂದಿನ ಗಾಡಿಯವನು ಹಾರನ್ ಹಾಕಿದ ಅಂತ ನಮ್ಮ ಡ್ರೈವರ್ ಒಂದಡಿ ಮುಂದಕ್ಕೆ ತೆಗೆದರೆ, ಗಾಲಿಗೆ ಕಲ್ಲು ಕೊಟ್ಟಿರದಿದ್ದರೆ, ಹಲಗೆಯೂ ಇಲ್ಲ, ಮನುಷ್ಯನೂ ಇಲ್ಲ.

ಇನ್ನು ಜಿಗಿಯುವುದು. ಲಾರಿಯ ಹಿಂಬಾಗಿಲು, ಫಾಳ್ಕಾ, ಹಿಡಿದು ಹಿಂದುಮುಂದಾಗಿ ಇಳಿಯುವುದನ್ನು ಮುದುಕರಷ್ಟೇ ಮಾಡುತ್ತಾರೆ. ಹುಡುಗರು ದಿನಕ್ಕೆ ಮೂವತ್ತು ನಲವತ್ತು ಸಲ ಜಿಗಿಯುತ್ತಾರೆ. ಒಂದು ದಿನ ಹಿಮ್ಮಡಿಯ ಎಲುಬು ಒಡೆಯುತ್ತದೆ. ಆ ಎಲುಬು ಕೂಡಿಕೊಂಡರೂ ಮೊದಲಿನಂತೆ ಹೊರೆ ಹೊರುವುದು ಅಪರೂಪ. ಬಹುಪಾಲು ಹೀಗೆ ಆಗುವುದು ಕೊನೆಯ ಗಾಡಿಯಲ್ಲಿ, ಸಂಜೆ, ಗಾಡಿಗಿಷ್ಟು ಅಂತ ಹಮಾಲಿ ಮಾತಾಡಿಕೊಂಡು ಇದೊಂದು ಮುಗಿಸಿ ಮನೆಗೆ ಹೋಗೋಣ ಅಂತ ಕೈ ಜೋರು ಮಾಡಿದಾಗ. ಇದಕ್ಕೆ ನನ್ನ ಹತ್ತಿರ ಅಂಕಿಸಂಖ್ಯೆ ಇಲ್ಲ, ಪ್ಯಾಡ್ ಹಿಡಿದು ನಿಂತವನ ಕಣ್ಣಷ್ಟೇ ಇದೆ.

ಮತ್ತೊಂದು ವಿಷಯ ಗಮನಿಸಿ. ಚೀಲ ಬಿದ್ದರೆ ನಾವು ಕೇಳುವುದು 'ಯಾರು ಬೀಳಿಸಿದರು?' ಅಂತ. ಆಳು ಬಿದ್ದರೆ ಕೇಳುವುದು 'ಕಣ್ಣು ಎಲ್ಲಿತ್ತು?' ಅಂತ. ಚೀಲಕ್ಕೆ ಕಣ್ಣಿಲ್ಲದ್ದು ಅದರ ಪುಣ್ಯ.

ಗಾಡಿ ಮ್ಯಾಗಿಂದ

ಸರ್ಕಾರಿ ಆಸ್ಪತ್ರೆಗೆ ರಿಕ್ಷಾದಲ್ಲಿ ಕರೆದೊಯ್ದದ್ದು ನಾನು ಮತ್ತು ಹಮಾಲರ ತಂಡದ ಮೇಸ್ತ್ರಿ, ಮುಕಾದಮ. ಕಾಕಾಗೆ ಮರಾಠಿ ಬರುತ್ತಿರಲಿಲ್ಲ. ಹಿಂದಿ ಎಂದರೆ 'ಉಠಾವ್', 'ರಖೋ', 'ಕಿತನಾ' ಅಷ್ಟೇ. ಅದಕ್ಕೇ ನಾನು ಬೇಕಾಗಿತ್ತು. ದಾರಿಯಲ್ಲಿ ಮುಕಾದಮನಿಗೆ ಫೋನು ಬಂತು. ಅವನು ಮಾತಾಡಿ ಮುಗಿಸಿ ನನ್ನ ಕಡೆ ತಿರುಗಿ, ಕಂಪನಿಯ ಹೆಸರು ಎಲ್ಲೂ ಬರಬಾರದು, ಖರ್ಚೆಲ್ಲಾ ಸೇಠ್ ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಬಿದ್ದರು ಅಂತ ಬರೆಸು ಅಂದ. ಪೊಲೀಸ್ ಕೇಸ್ ಆದರೆ ಮುದುಕನಿಗೇ ಓಡಾಟ, ಅಂತಲೂ ಸೇರಿಸಿದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಕ್ಯಾಜುವಲ್ಟಿಯಲ್ಲಿ ಡ್ಯೂಟಿಯಲ್ಲಿದ್ದದ್ದು ಎಳೆ ವಯಸ್ಸಿನ ಡಾಕ್ಟರ್. ಕೇಸ್ ಪೇಪರ್ ಎಳೆದುಕೊಂಡು, 'ಕಸಂ ಲಾಗ್ಲಂ ಕಾಕಾ?', ಹೇಗೆ ಪೆಟ್ಟಾಯಿತು, ಅಂತ ಮರಾಠಿಯಲ್ಲಿ ಕೇಳಿದರು. ಅವರೂ ಕಾಕಾ ಅಂದದ್ದು ಕೇಳಿ ನಮ್ಮ ಕಾಕಾಗೆ ಸಮಾಧಾನವಾಗಿರಬೇಕು, ನನ್ನನ್ನು ಬಿಟ್ಟು ನೇರವಾಗಿ ತಾವೇ ಉತ್ತರ ಕೊಟ್ಟರು: 'ಗಾಡೀ ಪರ್ ಸೇ ಗಿರ್ಯಾ ಸಾಬ್.'

'ಗಾಡೀವರೂನ್? ಹೆಲ್ಮೆಟ್ ಹೋತಂ ಕಾ?'

ಮುಂಬಯಿಯಲ್ಲಿ ಗಾಡಿ ಅಂದರೆ ಮೋಟರ್ ಸೈಕಲ್ಲೂ ಹೌದು, ಲಾರಿಯೂ ಹೌದು. ಕಾಕಾ ನನ್ನ ಮುಖ ನೋಡಿದರು. 'ಏನಂತಾರ ತಮ್ಮಾ?' ಅಂದರು. 'ಹೆಲ್ಮೆಟ್ ಹಾಕಿದ್ರೇನು ಅಂತ ಕೇಳ್ತಾರ' ಅಂದೆ. ಆ ನೋವಿನಲ್ಲೂ ಕಾಕಾ ನಕ್ಕರು. 'ಹಮಾಲಗ ಎಲ್ಲಿದೋ ಹೆಲ್ಮೆಟ್, ಸರಿಯಾಗಿ ತಿಳಿಸಿ ಹೇಳವಗ' ಅಂದರು. ಮುಕಾದಮ ನನ್ನ ಬೆನ್ನ ಹಿಂದೆ ಒಂದು ಸಲ ಕೆಮ್ಮಿದ.

ನಾನು ತಿಳಿಸಿ ಹೇಳಿದೆ. 'ಗಾಡಿ ಅಲ್ಲ ಡಾಕ್ಟರ್, ಜಿನ್ಯಾವರೂನ್. ಘರೀ.' ಮೆಟ್ಟಿಲ ಮೇಲಿಂದ, ಮನೆಯಲ್ಲಿ. ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ಕಾಕಾ ತಮ್ಮ ಮಾತನ್ನೇ ನಾನು ಮರಾಠಿಯಲ್ಲಿ ಹೇಳಿದೆ ಅಂತ ತಿಳಿದು ತಲೆ ಆಡಿಸಿದರು. ಹೌದು ಹೌದು ಅನ್ನುವಂತೆ.

ಬಲ ಮಣಿಕಟ್ಟಿನ ಎರಡೂ ಎಲುಬು ಮುರಿದಿದ್ದವು. ಬೀಳುವವರೆಲ್ಲ ಕೈ ಊರುತ್ತಾರೆ, ಹಾಗಾಗಿ ಹೋಗುವುದು ಮೊದಲು ಮಣಿಕಟ್ಟೇ, ಅಂದರು ಡಾಕ್ಟರ್. ಅದಕ್ಕೆ ಪ್ಲಾಸ್ಟರ್ ಹಾಕಿದರು. ಸೊಂಟದ ಮೇಲಿನ ಒಂದು ಮಣಿ ಅದುಮಿ ಹೋಗಿದ್ದು ಗೊತ್ತಾದದ್ದು ಮಾರನೇ ದಿನದ ಎಕ್ಸ್‌ರೇಯಲ್ಲಿ. ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಸೊಂಟ ಕೂಡಲಿಲ್ಲ. ಸೇಠ್ ಆಸ್ಪತ್ರೆಯ ಔಷಧಕ್ಕೆ ಕೊಟ್ಟರು, ಮೇಲೆ ಐದು ಸಾವಿರ ರೂಪಾಯಿ ಕೈಗೆ ಕೊಟ್ಟರು, ಎರಡನೇ ತಿಂಗಳಿಂದ ಫೋನು ಎತ್ತಲಿಲ್ಲ.

ಆಮೇಲೆ ಓದಿದ್ದು

ನನಗೆ ಕಾಯ್ದೆಯ ಗಂಧ ಇರಲಿಲ್ಲ. 2015ರಲ್ಲಿ ಬೇರೆ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿ ಲೇಬರ್ ಫೈಲುಗಳನ್ನು ನೋಡುವುದೂ ನನ್ನ ಪಾಲಿಗೆ ಬಂತು. ಆಗ ಓದಿದೆ. ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ ಬ್ರಿಟಿಷರ ಕಾಲದ್ದು, 1923ರದ್ದು. ಅದರ ಎರಡನೇ ಅನುಸೂಚಿಯ ಮೊಟ್ಟಮೊದಲ ನಮೂದಿನಲ್ಲೇ ಯಂತ್ರದಿಂದ ಓಡುವ ವಾಹನಕ್ಕೆ ಮಾಲು ಹೇರುವವರು, ಇಳಿಸುವವರು ಅಂತ ಇತ್ತು. ಯಾರೋ ಹಮಾಲನ ನೆನಪು ಇಟ್ಟುಕೊಂಡು ಬರೆದಿದ್ದಾರೆ! ಗುತ್ತಿಗೆದಾರನ ಆಳು ಅಂತ ಕೈ ತೊಳೆದುಕೊಳ್ಳುವಂತಿಲ್ಲ, ಮೂಲ ಮಾಲೀಕನೇ ಜವಾಬುದಾರ, ಅದು ಹನ್ನೆರಡನೇ ಕಲಮು. ದಿನಗೂಲಿಯವನು, ಖಾಯಂ ಅಲ್ಲ ಅನ್ನುವ ನೆಪವನ್ನು 2000ದ ತಿದ್ದುಪಡಿ ತೆಗೆದುಹಾಕಿದೆ. ಅಂದರೆ ಕಾಕಾಗೆ ದಾರಿ ಇತ್ತು, ಅಗಲವಾಗಿಯೇ ಇತ್ತು. ಈಗ ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಎರಡು ಮಾತು ಓದಿ ಮಾತ್ರ ನನ್ನ ಕೈ ತಣ್ಣಗಾಯಿತು. ಒಂದು, ಪೆಟ್ಟು ಕೆಲಸದಿಂದ, ಕೆಲಸದ ಅವಧಿಯಲ್ಲಿ ಆದದ್ದು ಅಂತ ತೋರಿಸಬೇಕು. ತೋರಿಸುವುದಕ್ಕೆ ಆಸ್ಪತ್ರೆಯ ಮೊದಲ ಕಾಗದಕ್ಕಿಂತ ಗಟ್ಟಿ ಯಾವುದಿದೆ? ಎರಡು, ಅರ್ಜಿ ಹಾಕಲು ಎರಡು ವರ್ಷದ ಗಡುವು. ನಾನು ಓದುವಾಗ ನಾಲ್ಕು ಕಳೆದಿತ್ತು.

ಇದೇ ಮಹಾರಾಷ್ಟ್ರದಲ್ಲಿ ತಲೆಹೊರೆಯವರಿಗೆ ತಮ್ಮದೇ ಕಾಯ್ದೆ ಇದೆ ಅನ್ನುವುದು ವಿಚಿತ್ರ. 1969ರ ಮಾಥಾಡಿ ಕಾಯ್ದೆ. ಮಾಥಾ ಅಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ. ಅಣ್ಣಾಸಾಹೇಬ ಪಾಟೀಲರು ಮುಂಬಯಿಯ ಹಮಾಲರನ್ನು ಕಟ್ಟಿ ಹೋರಾಡಿ ತಂದದ್ದು. ಮಾಲೀಕನಾದವನು ಮಾಥಾಡಿ ಮಂಡಳಿಗೆ ಕೂಲಿ ಮತ್ತು ಅದರ ಮೇಲೆ ಲೆವಿ ಕಟ್ಟಬೇಕು, ಆ ಲೆವಿಯಿಂದಲೇ ಹಮಾಲನಿಗೆ ಪಿಎಫ್, ಗ್ರ್ಯಾಚುಟಿ, ಔಷಧೋಪಚಾರ. ಪುಣೆಯಲ್ಲಿ ಬಾಬಾ ಆಢಾವರ ಹಮಾಲ ಪಂಚಾಯತು ಅನ್ನುವ ಸಂಘ ಬೇರೆ. ಹಿಂದೆ ನೂರು ಕಿಲೋದ ಚೀಲ ಹೊರುತ್ತಿದ್ದರು, ಈಗ ಐವತ್ತು, ಅದೂ ತಾನಾಗಿ ಇಳಿದದ್ದಲ್ಲ. ಇಷ್ಟೆಲ್ಲಾ ಇದ್ದೂ ಕಾಕಾನ ಹೆಸರು ಯಾವ ಮಂಡಳಿಯ ಪುಸ್ತಕದಲ್ಲೂ ಇರಲಿಲ್ಲ. ಜ್ವಾರಿ ರಾಶಿ ಮುಗಿಸಿ ಬಂದು, ಮುಂಗಾರಿಗೆ ವಾಪಸು ಹೋಗುವ ಲೆಕ್ಕದಲ್ಲಿ ಹನ್ನೊಂದು ವರ್ಷ ಭಿವಂಡಿಯಲ್ಲಿ ಹೊತ್ತವರು ಅವರು. ಹೆಸರು ಬರೆಸುವುದು ಇಲ್ಲೇ ಉಳಿಯುವವರ ಕೆಲಸ ಅಂತ ನಮ್ಮ ಕಡೆಯವರ ನಂಬಿಕೆ. ನಾನೂ ಹಾಗೇ ಅಂದುಕೊಂಡಿದ್ದೆ, ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಳ್ಳುವವರೆಗೆ.

ಪತ್ರಾ ಖೋಲಿ

ಬಿದ್ದ ಎಂಟನೇ ದಿನಕ್ಕೆ ಕಾಕಾನ ಮನೆಗೆ ಹೋಗಿದ್ದೆ. ಮುಸಂಬಿ ತೆಗೆದುಕೊಂಡು ಹೋಗಿದ್ದೆ, ಮತ್ತೇನು ಒಯ್ಯಬೇಕು ತಿಳಿದಿರಲಿಲ್ಲ. ಪವರ್‌ಲೂಮುಗಳ ಸಾಲಿನ ಹಿಂದೆ, ನಾಲ್ಕೂ ಕಡೆ ಪತ್ರಾ ಹೊಡೆದ ಖೋಲಿ. ಮಗ್ಗದ ಖಟಪಟ ನಿಲ್ಲುವುದೇ ಇಲ್ಲ, ಅದರ ಮೇಲೆಯೇ ಎಲ್ಲರೂ ಎತ್ತರದ ದನಿಯಲ್ಲಿ ಮಾತಾಡಬೇಕು. ಬಾಗಿಲಿಗೆ ಹೊಸ್ತಿಲಿರಲಿಲ್ಲ, ಮಳೆನೀರು ಒಳಗೆ ಬರದಿರಲಿ ಅಂತ ಒಂದು ಸಿಮೆಂಟು ಚೀಲಕ್ಕೆ ಮಣ್ಣು ತುಂಬಿ ಅಡ್ಡ ಇಟ್ಟಿದ್ದರು. ಕಾಕಾ ಚಾಪೆಯ ಮೇಲೆ ಅಂಗಾತ ಮಲಗಿದ್ದರು, ಪ್ಲಾಸ್ಟರಿನ ಕೈ ಎದೆಯ ಮೇಲೆ.

'ಬಾ ತಮ್ಮಾ. ಕುಂದ್ರು. ನೋಡs, ಡಾಕ್ಟರ ಮುಂದ ನೀ ಇದ್ದೀ ಅಂತ ಛಲೋ ಆತು' ಅಂದರು.

ಕಾಕು ಚಹಾಕ್ಕೆ ಇಟ್ಟರು. ಎಡಗೈಯಿಂದ ರೊಟ್ಟಿ ಮುರಿಯುವುದು ಇನ್ನೂ ರೂಢಿಯಾಗಿಲ್ಲ, ನಾನೇ ಮುರಿದು ಕೊಡ್ತೀನಿ, ಸಿಟ್ಟು ಮಾಡ್ತಾರ, ಅಂತ ಹೇಳಿದರು. ಸೇಠ್ ಏನಾದರೂ ಮಾಡ್ಯಾನು ಅಂತ ಮುಕಾದಮ ಹೇಳ್ಯಾನ, ಕಾಗದ ಎಲ್ಲಾ ಜ್ವಾಕಿ ಇಟ್ಟೀವಿ, ಅಂತಲೂ ಹೇಳಿದರು. ಆಸ್ಪತ್ರೆಯ ಕಾಗದಗಳನ್ನು ಒಂದು ಬಟ್ಟೆ ಅಂಗಡಿಯ ಚೀಲದಲ್ಲಿ ಮಡಚಿ, ಗೋಡೆಯ ಮೊಳೆಗೆ ತೂಗು ಹಾಕಿದ್ದರು, ಎಲ್ಲಮ್ಮನ ಫೋಟೋದ ಪಕ್ಕದಲ್ಲಿ.

ಅವರ ಮಗ ಅಲ್ಲಿಯ ಮುನ್ಸಿಪಾಲಿಟಿ ಶಾಲೆಯಲ್ಲಿ ಎಂಟನೆಯ ಇಯತ್ತೆ. ಮೂಲೆಯಲ್ಲಿ ಕೂತು ಏನೋ ಬರೆಯುತ್ತಿದ್ದವನು ಎದ್ದು ಆ ಚೀಲದಿಂದ ಕೇಸ್ ಪೇಪರ್ ತೆಗೆದು ತಂದು ನನ್ನ ಪಕ್ಕ ಕೂತ. ಡಾಕ್ಟರ್ ಅಕ್ಷರದ ಇಂಗ್ಲಿಷು. ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಓದಿದ. ಕೆಲವು ತಿಳಿಯಲಿಲ್ಲ, ದಾಟಿಸಿದ. ಒಂದರ ಮೇಲೆ ಬೆರಳು ನಿಂತಿತು.

'ಮಾಮಾ, ಸ್ಟೇರ್‌ಕೇಸ್ ಅಂದ್ರ ಮೆಟ್ಟಲs ಅಲಾ?'

ಹೌದು ಅಂದೆ.

ಅವನು ಮಣ್ಣಿನ ಚೀಲ ಇಟ್ಟ ಬಾಗಿಲು ನೋಡಿದ, ಆ ಕಡೆಯ ಗೋಡೆ ನೋಡಿದ, ಆಮೇಲೆ ನನ್ನನ್ನು ನೋಡಿದ. 'ನಮ್ಮ ಮನಿಗೆ ಮೆಟ್ಟಲಾ ಎಲ್ಲದಾವು?'

ಮಗ್ಗದ ಸದ್ದಿಗೆ ಕಾಕಾಗೆ ಕೇಳಿಸಲಿಲ್ಲ. 'ಏನಂತಾನೋ ಅಂವಾ?' ಅಂದರು. ಕಾಕು ಚಹಾದ ಬಸಿ ನನ್ನ ಮುಂದೆ ಇಟ್ಟರು. ನಾನು ಅದನ್ನು ಎತ್ತಿಕೊಂಡೆ.